ಕುಳಿತು ದುಡಿಯುವವರ ಟೊಂಕ ನೋವು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪಟ್ಟಣಗಳಲ್ಲಿ ಇಂದು ಕುಳಿತು ದುಡಿಯುವ ಮಹಿಳೆಯರು ಕಡಿಮೆಯೇನಿಲ್ಲ. ಕೆಲವರು ತಾಲೂಕು ಕಚೇರಿ, ಬ್ಯಾಂಕು, ಶಾಲೆಗಳಲ್ಲಿದ್ದಾರೆ. ಕೆಲವರು ಕಂಪ್ಯೂಟರ್ ಮುಂದೆ, ಇನ್ನು ಕೆಲವರು ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುತ್ತಾರೆ. ಹೊಲದಲ್ಲಿ ಬಾಗಿ ದುಡಿಯುವವರಿಗಷ್ಟೇ ಟೊಂಕ ನೋವು, ಕುಳಿತವರಿಗೇನು ಕಷ್ಟ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ಇದು ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು.

ನೋವು ಏಕೆ?

ಸೊಂಟದ ಭಾಗದಲ್ಲಿ ಐದು ಕಶೇರು ಮೂಳೆಗಳಿವೆ. ಅವುಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳಿವೆ. ದೊಡ್ಡವರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನಿಂದ ನಿಧಾನವಾಗಿ ಒಸರುವ ಪೋಷಕಾಂಶವೇ ಅದಕ್ಕೆ ಆಧಾರ. ದೇಹದ ಚಲನೆ ಇದಕ್ಕೆ ನೆರವಾಗುತ್ತದೆ. ಬೆನ್ನು ಬಗ್ಗಿಸಿ ಅಲುಗಾಡದೆ ಕುಳಿತರೆ ಸ್ನಾಯುಗಳು ದಣಿದು ಬಿಗಿಯುತ್ತವೆ. ಆದ್ದರಿಂದ ಕುಳಿತುಕೊಳ್ಳುವುದಕ್ಕಿಂತಲೂ ಏಳದೆ ಕುಳಿತಿರುವುದೇ ದೊಡ್ಡ ತೊಂದರೆ.

ಹೇಗೆ ಕೂರಬೇಕು?

ದುಬಾರಿ ಕುರ್ಚಿ ಬೇಕಿಲ್ಲ. ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಿರಲಿ. ತಾಗದಿದ್ದರೆ ಕೆಳಗೆ ಮಣೆ ಇಡಿ. ಕುರ್ಚಿಯ ಹಿಂಬದಿಯವರೆಗೂ ಸರಿದು ಕುಳಿತು, ಸೊಂಟದ ಬಳಿ ಟವೆಲ್ ಸುತ್ತಿ ಇಟ್ಟುಕೊಳ್ಳಿ. ಕಂಪ್ಯೂಟರ್ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಹೊಲಿಯುವವರು ಸ್ಟೂಲಿನ ಬದಲು ಬೆನ್ನಿಗೆ ಒರಗುವ ಕುರ್ಚಿ ಬಳಸಿ. ಬಟ್ಟೆಯತ್ತ ಕುತ್ತಿಗೆ ಬಗ್ಗಿಸದಂತೆ ಸಾಕಷ್ಟು ಬೆಳಕು ಇರಲಿ.

ಹೇಗೆ ಕುಳಿತರೂ ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಒಂದು ರವಿಕೆಯ ತೋಳು ಮುಗಿದಾಗ, ಒಂದು ಕಡತ ಮುಚ್ಚಿದಾಗ ಏಳುವ ರೂಢಿ ಮಾಡಿಕೊಂಡರೆ ಗಡಿಯಾರ ನೋಡಬೇಕಿಲ್ಲ. ದಿನವೂ ಅರ್ಧ ಗಂಟೆ ನಡೆಯಿರಿ. ಸೊಂಟ ನೋವು ತಡೆಯಲು ನಿಯಮಿತ ವ್ಯಾಯಾಮಕ್ಕಿಂತ ಉತ್ತಮ ಉಪಾಯ ಇನ್ನೊಂದಿಲ್ಲ.

ಮನೆಯ ಕೆಲಸ

ಕಚೇರಿಯಿಂದ ಬಂದ ಮಹಿಳೆಗೆ ವಿಶ್ರಾಂತಿ ಎಲ್ಲಿದೆ? ಒಲೆಯ ಮುಂದೆ ಬಾಗಿ ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಕೊಡ ಎತ್ತುವುದು ಅವಳಿಗೇ ಕಾದಿರುತ್ತವೆ. ರೊಟ್ಟಿ ಬಡಿಯಲು ಎತ್ತರದ ಕಟ್ಟೆ ಇದ್ದರೆ ಬೆನ್ನಿಗೆ ಹಿತ. ತುಂಬಿದ ಕೊಡವನ್ನು ಸೊಂಟ ಬಗ್ಗಿಸಿ ಎತ್ತದೆ, ಮೊಣಕಾಲು ಮಡಚಿ ಮೈಗೆ ಹತ್ತಿರ ಹಿಡಿದು ಎತ್ತಬೇಕು. ಮನೆಯ ಗಂಡಸರು, ಬೆಳೆದ ಮಕ್ಕಳು ನೀರು ಹೊರುವ ಕೆಲಸವನ್ನಾದರೂ ವಹಿಸಿಕೊಂಡರೆ ಅದು ಯಾವ ಮದ್ದಿಗೂ ಕಡಿಮೆಯಲ್ಲ.

ಮಾತ್ರೆಯ ಮೋಹ ಬೇಡ

ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ದೀರ್ಘಕಾಲದ ಸೊಂಟ ನೋವಿಗೆ ಬೆಲ್ಟ್ ಕಟ್ಟುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2023ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ನೋವಿದೆಯೆಂದು ದಿನಗಟ್ಟಲೆ ಮಲಗುವುದೂ ಒಳ್ಳೆಯದಲ್ಲ, ಆದಷ್ಟು ಓಡಾಡುತ್ತಿರಬೇಕು.

ಆದರೆ ಕಾಲು ಜೋಮು ಹಿಡಿಯುವುದು, ಶಕ್ತಿ ಕುಂದುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ ತಾಲೂಕು ಆಸ್ಪತ್ರೆಗೆ ಹೋಗಿ. ಮಲ ಮೂತ್ರದ ಹಿಡಿತ ತಪ್ಪಿದರಂತೂ ಒಂದು ದಿನವೂ ಕಾಯಬಾರದು. ಮನೆಯವರ ಸೇವೆಯಲ್ಲಿ ತನ್ನ ನೋವನ್ನು ಮುಚ್ಚಿಟ್ಟುಕೊಳ್ಳುವ ತಾಯಂದಿರು ಇದನ್ನು ಮುಖ್ಯವಾಗಿ ನೆನಪಿಡಬೇಕು.