ಕಾಲುವೆಯ ಕದದಡಿಯಲ್ಲಿ ನೀರಿನ ಓಟ

ಕೆರೆಯ ತೂಬನ್ನಾಗಲಿ ಕಾಲುವೆಯ ಗೇಟನ್ನಾಗಲಿ ನೋಡದವರು ನಮ್ಮ ನಾಡಿನಲ್ಲಿ ವಿರಳ. ಎರಡು ಕಂಬಗಳ ತೋಡುಗಳ ನಡುವೆ ಕಬ್ಬಿಣದ ಹಲಗೆಯೊಂದು ನಿಂತಿರುವುದು. ತಿರುಪನ್ನು ತಿರುಗಿಸಿದರೆ ಹಲಗೆ ಮೇಲೇರಿ ಅಡಿಯಲ್ಲಿ ಸಂದಾಗುವುದು. ಆ ಸಂದಿನಿಂದ ನೀರು ನುಗ್ಗುವುದು. ಇದಕ್ಕಿಂತ ಸರಳವಾದ ಸಾಧನವನ್ನು ಊಹಿಸುವುದೂ ಕಷ್ಟ. ಆದರೆ, ಇಷ್ಟು ಎತ್ತಿದರೆ ಎಷ್ಟು ನೀರು ಹರಿಯುವುದೆಂದು ಕೇಳಿದೊಡನೆ ವಿಷಯ ಬೇರೆಯಾಗುತ್ತದೆ. ಈ ಲೆಕ್ಕ ತಪ್ಪಿದರೆ ಕಾಲುವೆಯ ಮೊದಲ ಗದ್ದೆಗಳಲ್ಲಿ ನೀರು ತುಂಬಿ ನಿಲ್ಲುವಾಗ ಕೊನೆಯಂಚಿನ ಗದ್ದೆಗಳು ಬಿರುಕು ಬಿಡುವುವು.

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಗಾಜಿನ ಗೋಡೆಗಳುಳ್ಳ ಉದ್ದನೆಯ ತೊಟ್ಟಿಯೊಂದಿರುತ್ತದೆ. ಅದರಲ್ಲಿ ಪುಟ್ಟ ಕದವೊಂದನ್ನು ನಿಲ್ಲಿಸಿ ನೀರು ಹರಿಸಿದರೆ ಎಲ್ಲವನ್ನೂ ಪಕ್ಕದಿಂದ ನೋಡಬಹುದು. ಕದದ ಹಿಂದೆ ನೀರು ಆಳವಾಗಿ, ಮಂದವಾಗಿ ಸಾಗುವುದು. ಕದದ ಮುಂದೆ ತೆಳುವಾದ ಹಾಳೆಯಂತೆ, ಗಾಜಿನಷ್ಟು ನಯವಾಗಿ ಧಾವಿಸುವುದು. ಎಚ್ಚರಿಕೆಯಿಂದ ನೋಡಿದರೆ ಈ ಹಾಳೆಯ ದಪ್ಪವು ಸಂದಿನ ಎತ್ತರಕ್ಕಿಂತ ಸಾಕಷ್ಟು ಕಡಮೆಯೆಂದು ತಿಳಿಯುತ್ತದೆ. ಕಾರಣವಿಷ್ಟೆ: ಕದದ ಮುಖಕ್ಕೆ ತಾಗಿ ಕೆಳಗಿಳಿಯುವ ನೀರು ಅದರ ಅಂಚಿನಲ್ಲಿ ಥಟ್ಟನೆ ಸಮಕೋನದಲ್ಲಿ ತಿರುಗಲಾರದು. ಇಳಿಯುವ ಚಲನೆಯನ್ನು ಇನ್ನೂ ಸ್ವಲ್ಪ ದೂರ ಉಳಿಸಿಕೊಂಡೇ ಮುಂದೆ ಸಾಗಿ, ಅನಂತರ ಸಮಾಂತರವಾಗುವುದು. ಚೂಪಾದ ಅಂಚಿನ ನೆಟ್ಟನೆಯ ಕದಕ್ಕೆ ಈ ಸಂಕೋಚನದ ಗುಣಾಂಕ ಸುಮಾರು 0.61. ಸೀಳಿನಿಂದ ಹೊರಬೀಳುವ ಧಾರೆಯನ್ನು ಶುದ್ಧ ಗಣಿತದಿಂದಲೇ ಬಿಡಿಸಿದ ಜರ್ಮನ್ ವಿಜ್ಞಾನಿ ಕಿರ್ಖಾಫ್, 1869ರಲ್ಲಿ ಪಡೆದ ಬೆಲೆಯೂ ಇದಕ್ಕೆ ಅತಿ ಸಮೀಪವಾದುದು: 'ಪೈ'ಯನ್ನು 'ಪೈ ಕೂಡಿಸು 2'ರಿಂದ ಭಾಗಿಸಿದರೆ 0.611. ವೃತ್ತವೇ ಇಲ್ಲದ ಕಡೆ 'ಪೈ' ಬಂದು ಕುಳಿತಿರುವುದು ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು.

ಈಗ ಒಂದು ಲೆಕ್ಕವನ್ನು ಮಾಡೋಣ. ಕದದ ಹಿಂದೆ ನೀರಿನ ಆಳ 2 ಮೀಟರ್, ಕದವನ್ನು ಎತ್ತಿರುವುದು 0.3 ಮೀಟರ್ ಎಂದಿಟ್ಟುಕೊಳ್ಳಿ. 0.61ರಿಂದ ಗುಣಿಸಿದರೆ ಮುಂದಿನ ಹಾಳೆಯ ದಪ್ಪ 0.183 ಮೀಟರ್. ನೀರು ನಡುವೆ ಎಲ್ಲಿಯೂ ಹೆಚ್ಚುವುದಿಲ್ಲ, ಕಡಮೆಯಾಗುವುದಿಲ್ಲ. ಆದುದರಿಂದ ಆಳ ಸುಮಾರು 11ರಲ್ಲಿ ಒಂದು ಪಾಲಾದರೆ ವೇಗ 11 ಪಾಲಾಗಲೇಬೇಕು. ಕದದಡಿಯಲ್ಲಿ ನುಸುಳುವಾಗ ಶಕ್ತಿಯ ನಷ್ಟ ಅತ್ಯಲ್ಪ. ಹಿಂದೆ ಎತ್ತರದ ರೂಪದಲ್ಲಿದ್ದ ಶಕ್ತಿಯು ಮುಂದೆ ವೇಗದ ರೂಪವನ್ನು ತಾಳುವುದು. ಈ ಎರಡು ನಿಯಮಗಳನ್ನು ಕೂಡಿಸಿ ಬಿಡಿಸಿದರೆ ಹಿಂದಿನ ವೇಗ ಸೆಕೆಂಡಿಗೆ 0.55 ಮೀಟರ್, ಮುಂದಿನದು 6 ಮೀಟರ್ ಎಂದು ಬರುವುದು. ಕಾಲುವೆಯ ಅಗಲದ ಪ್ರತಿಯೊಂದು ಮೀಟರಿಗೆ ಸೆಕೆಂಡಿಗೆ ಸುಮಾರು 1,100 ಲೀಟರ್ ನೀರು ಹರಿಯುವುದೆಂದಾಯಿತು. ಸಂಕೋಚನವನ್ನು ಮರೆತು, ಹಾಳೆಯ ದಪ್ಪವೂ 0.3 ಮೀಟರೇ ಎಂದು ಭಾವಿಸಿದವನಿಗೆ ಸಿಗುವ ಉತ್ತರ 1,750 ಲೀಟರ್! ಕಾಗದದ ಮೇಲೆ ಹರಿದ ನೀರು ನಿಜವಾಗಿ ಹರಿದ ನೀರಿಗಿಂತ ಶೇಕಡ 60ರಷ್ಟು ಹೆಚ್ಚು. ಕಾಗದದ ನೀರಿನಿಂದ ಬತ್ತ ಬೆಳೆಯದು.

ಕದವನ್ನು ಎರಡರಷ್ಟು ಎತ್ತಿದರೆ ಹರಿವು ಎರಡರಷ್ಟಕ್ಕೆ ತುಸು ಕಡಮೆಯಾಗಿ ಏರುವುದು. ಆದರೆ ಹಿಂದಿನ ನೀರಿನ ಆಳವನ್ನು ಎರಡರಷ್ಟು ಮಾಡಿದರೆ ಹರಿವು ಒಂದೂವರೆಯಷ್ಟೂ ಆಗದು, ಏಕೆಂದರೆ ವೇಗವು ಆಳದ ವರ್ಗಮೂಲವನ್ನು ಅನುಸರಿಸಿ ಬೆಳೆಯುವುದು. ಕೆರೆಯ ನೀರು ಇಳಿದಂತೆಲ್ಲ ತೂಬನ್ನು ಎಷ್ಟು ಹೆಚ್ಚಿಗೆ ತೆರೆಯಬೇಕೆಂಬುದನ್ನು ಹಳ್ಳಿಯ ನೀರುಗಂಟಿಗಳು ವರ್ಗಮೂಲದ ಹೆಸರನ್ನೂ ಕೇಳದೆಯೆ ಅನುಭವದಿಂದ ಬಲ್ಲವರಾಗಿದ್ದರು.

ಕದವನ್ನು ದಾಟಿದ ನೀರಿನ ಸ್ವಭಾವವೇ ಬೇರೆ. ಆಳವಿಲ್ಲದ ನೀರಿನಲ್ಲಿ ಸಣ್ಣ ಅಲೆ ಸಾಗುವ ವೇಗವು ಆಳವನ್ನು ಅವಲಂಬಿಸಿದೆ. ನಮ್ಮ ಉದಾಹರಣೆಯಲ್ಲಿ ಅದು ಕದದ ಹಿಂದೆ ಸೆಕೆಂಡಿಗೆ 4.4 ಮೀಟರ್, ಮುಂದೆ ಕೇವಲ 1.3 ಮೀಟರ್. ಹಿಂಬದಿಯಲ್ಲಿ ಬೆರಳನ್ನದ್ದಿದರೆ ಅಲೆಗಳು ಹೊಳೆಯ ಎದುರಿಗೂ ಹರಡುವುವು. ಮುಂಬದಿಯಲ್ಲಿ ಅದ್ದಿದರೆ, 6 ಮೀಟರಿನ ಓಟವು 1.3 ಮೀಟರಿನ ಅಲೆಯನ್ನು ಕೊಚ್ಚಿಕೊಂಡು ಹೋಗುವುದು. ಮುಂದೆ ಏನಾಗುತ್ತಿದೆ ಎಂಬ ಸುದ್ದಿ ಹಿಂದಕ್ಕೆ ತಲುಪಲಾರದು. ನೀರಿನ ವೇಗವನ್ನು ಅಲೆಯ ವೇಗದಿಂದ ಭಾಗಿಸಿ ಪಡೆದ ಸಂಖ್ಯೆಗೆ ಹಡಗುಗಳ ಮಾದರಿಗಳನ್ನು ಪರೀಕ್ಷಿಸಿದ ಆಂಗ್ಲ ಎಂಜಿನಿಯರ್ ವಿಲಿಯಂ ಫ್ರೂಡನ ಹೆಸರಿದೆ. ಇಲ್ಲಿ ಫ್ರೂಡ್ ಸಂಖ್ಯೆ ಸುಮಾರು 4.5.

ಇಂತಹ ಓಟ ಬಹುದೂರ ನಡೆಯದು. ಮುಂದೆ ನಿಧಾನವಾದ ನೀರನ್ನು ಸಂಧಿಸಿದೊಡನೆ ಅದು ನೊರೆಗರೆದು, ಸುರುಳಿ ಸುತ್ತಿ, ಒಮ್ಮೆಗೇ ಮೇಲಕ್ಕೆದ್ದು ನಿಲ್ಲುವುದು. ಇದಕ್ಕೆ ಜಲನೆಗೆತವೆನ್ನಬಹುದು. ನಲ್ಲಿಯ ನೀರು ಚಪ್ಪಟೆ ತಟ್ಟೆಯ ಮೇಲೆ ಬಿದ್ದಾಗ ಸುತ್ತಲೂ ಕಾಣುವ ಬಳೆಯಂತಹ ಏರು ಇದರ ಚಿಕ್ಕ ಬಂಧು. ಇಟಲಿಯ ಬಿಡೋನೆ ಎಂಬಾತ 1820ರ ಸುಮಾರಿಗೆ ಇದನ್ನು ಅಳೆದು ವರ್ಣಿಸಿದನು. ಫ್ರಾನ್ಸಿನ ಬೆಲಾಂಜೆ ಸೂತ್ರವನ್ನು ಕೊಟ್ಟನು. ಆ ಸೂತ್ರದಂತೆ ನಮ್ಮ 0.183 ಮೀಟರಿನ ಹಾಳೆ 1.07 ಮೀಟರಿಗೆ ಏರುವುದು. ಈ ಕೋಲಾಹಲದಲ್ಲಿ ನೀರಿನ ಶಕ್ತಿಯ ಶೇಕಡ 44ರಷ್ಟು ಕೊನೆಗೆ ಶಾಖವಾಗಿ ಕರಗಿಹೋಗುವುದು. ನಷ್ಟವೆಂದು ಮರುಗಬೇಕಾಗಿಲ್ಲ, ಕರಗದಿದ್ದರೆ ಅದೇ ಶಕ್ತಿ ಕಾಲುವೆಯ ತಳವನ್ನು ಅಗೆದು, ಕಟ್ಟಡದ ಬುಡವನ್ನೇ ಕೊರೆಯುತ್ತಿತ್ತು. ಆದುದರಿಂದಲೇ ಗೇಟಿನ ಮುಂದೆ ಗಟ್ಟಿಯಾದ ಕಾಂಕ್ರೀಟಿನ ಹಾಸನ್ನು ಹಾಕಿ, ನೆಗೆತವು ಅದರ ಮೇಲೆಯೇ ನಡೆಯುವಂತೆ ಕಟ್ಟುಪಾಡು ಮಾಡುವರು.

ಕದದ ಮೇಲೆ ಬೀಳುವ ಒತ್ತಡವನ್ನೂ ನೋಡಬೇಕು. ನಿಂತ ನೀರಿನ ಲೆಕ್ಕದಂತೆ ಸಂದಿನ ಮೇಲಿನ 1.7 ಮೀಟರ್ ನೀರು ಅಗಲದ ಪ್ರತಿ ಮೀಟರಿಗೆ ಸುಮಾರು 1.45 ಟನ್ನಿನಷ್ಟು ನೂಕುವುದು. ನೀರು ಹರಿಯುತ್ತಿರುವಾಗ ಕೆಳ ಅಂಚಿನ ಬಳಿ ಒತ್ತಡ ಇಳಿಯುವುದರಿಂದ ಇದು 1.37 ಟನ್ನಿಗೆ ತಗ್ಗುವುದು. ದೊಡ್ಡ ಅಣೆಕಟ್ಟುಗಳಲ್ಲಿ ಈ ಅಂಕಿಗಳು ಭಯಂಕರವಾಗಿ ಬೆಳೆಯುತ್ತವೆ. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಂಚಿನವರೆಗೆ ನೀರು ನಿಂತಾಗ ಒಂದು ಗೇಟಿನ ಮೇಲಿನ ನೂಕು ಸುಮಾರು 340 ಟನ್. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಮೇಲೆ ಅಲ್ಲಿ ಉಳಿದುದು ಸಂದಲ್ಲ, ಬರಿಯ ಬಾಯಿ. ಉಳಿದ ಗೇಟುಗಳನ್ನೂ ತೆರೆದು ನೀರಿನ ಮಟ್ಟವನ್ನು ಇಳಿಸಬೇಕಾಯಿತು. ಸುಮಾರು ಒಂದು ವಾರದಲ್ಲಿ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಆ ಬಾಯಿಯನ್ನು ಮುಚ್ಚಿದರು. ಬೇಸಗೆಗೆಂದು ಕೂಡಿಟ್ಟ ನೀರು ಅಷ್ಟರೊಳಗೆ ನದಿಯ ಪಾಲಾಗಿತ್ತು.

ಇನ್ನೊಂದು ತೊಡಕಿದೆ. ಕಾಲುವೆಯಲ್ಲಿ ಮುಂದೆಲ್ಲೋ ಕಳೆ ಬೆಳೆದು ಅಥವಾ ಹೂಳು ತುಂಬಿ, ಕೆಳಗಿನ ನೀರು 1.07 ಮೀಟರಿಗಿಂತ ಹೆಚ್ಚು ಆಳಕ್ಕೆ ಏರಿದರೆ ನೆಗೆತವು ಹಿಂದೆ ಹಿಂದೆ ಸರಿದು ಕದಕ್ಕೇ ಬಂದು ಒರಗುವುದು. ಧಾರೆಯು ನೀರಿನೊಳಗೆ ಮುಳುಗಿಹೋಗುವುದು. ಕದದ ಎತ್ತರ ಬದಲಾಗಿರುವುದಿಲ್ಲ, ಹಿಂದಿನ ಮಟ್ಟವೂ ಹಾಗೆಯೇ ಇದೆ. ಆದರೂ ಹರಿವು ಕುಗ್ಗಿದೆ. ಹಿಂಬದಿಯ ಅಳತೆಗೋಲನ್ನು ಮಾತ್ರ ಓದಿ ಪುಸ್ತಕದಲ್ಲಿ ಹರಿವನ್ನು ಬರೆದುಕೊಳ್ಳುವವನಿಗೆ ಇದರ ಸುಳಿವೇ ಸಿಗದು. ಇಂತಹ ಕಡೆಗಳಲ್ಲಿ ಕದದ ಹಿಂದೊಂದು, ಮುಂದೊಂದು, ಹೀಗೆ ಎರಡು ಅಳತೆಗೋಲುಗಳನ್ನು ನಿಲ್ಲಿಸಿ, ಎರಡನ್ನೂ ಓದಿದ ಮೇಲೆಯೇ ಲೆಕ್ಕ ಹಾಕಬೇಕು.