ಎಳ್ಳು ಹೋಗಿ ಎಣ್ಣೆ ಉಳಿಯಿತು

ನಮ್ಮೂರಿನ ಶಂಖ ಬಸದಿ ಪ್ರಸಿದ್ಧ. ಆದರೆ ‘ಬಸದಿ’ ಎಂದರೆ ಮೊದಲು ಬರೀ ಮನೆ ಎಂದಿತ್ತಂತೆ. ಪದದ ಅರ್ಥ ಹೇಗೆ ಬದಲಾಗುತ್ತದೆ?
– ಓದುಗರು, ಲಕ್ಷ್ಮೇಶ್ವರ

ನೀವು ಕೇಳಿದ್ದು ನಿಜ. ಬಸದಿ ಸಂಸ್ಕೃತದ ‘ವಸತಿ’ಯ ತದ್ಭವ, ಮೂಲಾರ್ಥ ವಾಸಸ್ಥಳ. ಜೈನರು ತಮ್ಮ ನೆಲೆಗಳಿಗೆ ಅದನ್ನೇ ಬಳಸಿ ಬಳಸಿ, ಕೇಳುವವರಿಗೆ ಜಿನಾಲಯವೊಂದೇ ನೆನಪಿಗೆ ಬರತೊಡಗಿತು. ಹಾಸ್ಟೆಲಿನ ಬೋರ್ಡಿಗೆ ಮಾತ್ರ ‘ವಸತಿ’ ಸಂಸ್ಕೃತ ರೂಪದಲ್ಲೇ ಬಂದು ಕೂತಿತು!

ಅಡುಗೆಮನೆಯ ಹಾರ್ಲಿಕ್ಸ್ ಬಾಟಲಿ ನೋಡಿ. ಹಾರ್ಲಿಕ್ಸ್ ಮುಗಿದು ಸಾಸಿವೆ ತುಂಬಿದರೂ ಅವ್ವ ಅದನ್ನು ‘ಹಾರ್ಲಿಕ್ಸ್ ಬಾಟ್ಲಿ’ ಎಂದೇ ಕರೆಯುತ್ತಾಳೆ. ಮಗುವಿಗೆ ಅದು ಸಾಸಿವೆ ಬಾಟಲಿಯ ಹೆಸರು, ಅಷ್ಟೆ. ಪದಗಳನ್ನೂ ಮಕ್ಕಳು ನಿಘಂಟಿನಿಂದಲ್ಲ, ಬಳಕೆಯಿಂದ ಕಲಿಯುತ್ತಾರೆ. ಹಳೆಯ, ಹೊಸ ಅರ್ಥಗಳು ಕೆಲಕಾಲ ಜೊತೆಗಿರುತ್ತವೆ. ಹಳೆಯದನ್ನು ಕೇಳದ ತಲೆಮಾರಿಗೆ ಹೊಸದೊಂದೇ ಉಳಿಯುತ್ತದೆ.

ಅರ್ಥ ಹಿಗ್ಗುವುದೂ ಉಂಟು. ಎಳ್ + ನೆಯ್ ಸೇರಿ ಎಣ್ಣೆ, ಅಂದರೆ ಎಳ್ಳಿನದು ಮಾತ್ರ. ಈಗ ಗದಗಿನ ಅಂಗಡಿಯಲ್ಲಿ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ! ಕೆಲವು ಪದಗಳ ಮಾನ ಇಳಿಯುತ್ತದೆ. ಹಳಗನ್ನಡದಲ್ಲಿ ‘ಕೂಳ್’ ಎಂದರೆ ಅನ್ನ, ಊಟ. ಇಂದು ಬೀಗರನ್ನು ಕೂಳಿಗೆ ಕರೆದು ನೋಡಿ!

941ರಲ್ಲಿ ಭಾರತ ಬರೆದ ಪಂಪ ತನ್ನದು ಪುಲಿಗೆರೆಯ, ಅಂದರೆ ನಿಮ್ಮೂರಿನ, ತಿರುಳ್ಗನ್ನಡ ಎಂದ. ಅದನ್ನೇ ಇಂದು ಅರ್ಥಕೋಶವಿಲ್ಲದೆ ಓದುವುದು ಕಷ್ಟ. ಫ್ರೆಂಚರ ಪಾಡೂ ಇದೇ: ಅವರ ‘ವಿಯಾಂದ್’ ಹಿಂದೆ ಯಾವುದೇ ಆಹಾರ, ಈಗ ಮಾಂಸ ಮಾತ್ರ.

ಎಣ್ಣೆಯ ಪಯಣ ಮುಗಿದಿಲ್ಲ. ಹುಡುಗರ ಬಾಯಲ್ಲಿ ಅದೀಗ ಮದ್ಯವೂ ಹೌದು.