ಶಾಸನ ಮತ್ತು ತಾಡವೋಲೆಗಳ ಸ್ಲೈಡುಗಳಲ್ಲಿ ಅತಿಬೆಳಕಿನ ದೋಷ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳ್ಗೊಳದ ಶಾಸನಗಳ ಸಂಖ್ಯೆಯು 1889ರ ರೈಸ್ ಅವರ ಸಂಪುಟದಲ್ಲಿ 144, 1923ರ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500, 1973ರ ಆವೃತ್ತಿಯಲ್ಲಿ 573. ಬಂಡೆಯ ಮೇಲಿನ ಅಕ್ಷರವು ಬಿಸಿಲು ಮಳೆಗಳಿಗೆ ಸವೆಯುವಂಥದಾದುದರಿಂದ, ದಶಕಗಳ ಹಿಂದೆ ತೆಗೆದ ಬಣ್ಣದ ಸ್ಲೈಡೂ ಪಾಠನಿರ್ಣಯಕ್ಕೆ ಒಂದು ಸಾಕ್ಷ್ಯವೇ ಆಗಿದೆ. ಅಂಥ ಸ್ಲೈಡುಗಳನ್ನು ಸ್ಕ್ಯಾನರಿನಿಂದ ಗಣಕಕ್ಕೆ ಇಳಿಸುವಾಗ, ಹೆಚ್ಚು ಬೆಳಗಿದ ಭಾಗಗಳು ಬರಿಯ ಬಿಳುಪಾಗಿ ಅಕ್ಷರಗಳನ್ನು ನುಂಗಿಬಿಡುವುದುಂಟು. 1981ರ ಮಹಾಮಸ್ತಕಾಭಿಷೇಕದ ಚಿತ್ರದಲ್ಲಿ ಕ್ಷೀರಧಾರೆಯು ಬರಿಯ ಬಿಳುಪಾಗಿ ಕಂಡರೆ ಹೆಚ್ಚಿನ ನಷ್ಟವಿಲ್ಲ. ಚಿಕ್ಕಬೆಟ್ಟದ ನಿಸಿದಿ ಶಾಸನದಲ್ಲಿ ಹಾಗಾದರೆ ಪಾಠವೇ ಕೆಡುತ್ತದೆ. ಹಳಗನ್ನಡ ಲಿಪಿಯಲ್ಲಿ ಪಕಾರ ವಕಾರಗಳ ಭೇದವಿರುವುದು ತಲೆಯ ಬಳಿಯ ಒಂದು ಸಣ್ಣ ತೆರಪಿನಲ್ಲಿ. ಅಕ್ಷರಗಳಿಗೆ ಸುಣ್ಣದ ಪುಡಿ ತುಂಬಿ ನಡುಹಗಲಿನಲ್ಲಿ ತೆಗೆದ ಸ್ಲೈಡಿನಲ್ಲಿ ಬಿಳುಪು ಹರಡಿ ಆ ತೆರಪು ಮುಚ್ಚಿಹೋಗುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆಯು ಗ್ರಂಥಸಂಪಾದಕರಿಗೆ ಪರಿಚಿತವಾದುದೇ: ದೋಷವು ಮಾತೃಕೆಯದೋ, ಪ್ರತಿಕಾರನದೋ? ಸ್ಲೈಡಿನಲ್ಲಿ, ನೆಗೆಟಿವ್‌ಗೆ ವಿರುದ್ಧವಾಗಿ, ಬೆಳಕು ಹೆಚ್ಚು ಬಿದ್ದೆಡೆ ಫಿಲ್ಮು ತೆಳುವಾಗುತ್ತದೆ. ಬೆಳಕು ಮಿತಿಮೀರಿದ್ದರೆ ಅಲ್ಲಿ ಬಣ್ಣವೇ ಉಳಿಯದೆ ಬರಿಯ ಪಾರದರ್ಶಕ ತಳ ಉಳಿಯುತ್ತದೆ. ಅದರಿಂದ ಅಕ್ಷರವನ್ನು ಹೊರತೆಗೆಯಬಲ್ಲ ಯಂತ್ರವಿಲ್ಲ. ಸ್ಲೈಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಿಂದ ನೋಡಿದಾಗ ಅಲ್ಲಿ ಮಸುಕಾದ ಗೆರೆಯಾದರೂ ಕಂಡರೆ, ತಪ್ಪು ಸ್ಕ್ಯಾನಿನದು, ಅದನ್ನು ತಿದ್ದಬಹುದು.

ತಿದ್ದುವ ಕೆಲಸವು ಸ್ಕ್ಯಾನ್ ಮಾಡುವಾಗಲೇ ನಡೆಯಬೇಕು. ಒಮ್ಮೆ 255ರ ಅಂಚಿಗೆ ತಾಗಿ ಕತ್ತರಿಸಿಹೋದ ಬಿಳುಪನ್ನು ಅನಂತರ ಗಣಕದಲ್ಲಿ ಎಷ್ಟು ಮಂದಗೊಳಿಸಿದರೂ ದೊರೆಯುವುದು ಬೂದುಬಣ್ಣವೇ ಹೊರತು ಅಕ್ಷರವಲ್ಲ. ಸ್ವಯಂಚಾಲಿತ ಹೊಂದಾಣಿಕೆಯೇ ಬಹುಮಟ್ಟಿಗೆ ಈ ಅನರ್ಥದ ಮೂಲ. ಸ್ಲೈಡಿನ ಕಪ್ಪು ಚೌಕಟ್ಟನ್ನೂ ಲೆಕ್ಕಕ್ಕೆ ಹಿಡಿದು ಯಂತ್ರವು ಚಿತ್ರವನ್ನು ಕತ್ತಲೆಂದು ಭಾವಿಸಿ ಬೆಳಕನ್ನು ಏರಿಸುತ್ತದೆ. ಆದುದರಿಂದ ಚೌಕಟ್ಟನ್ನು ಬಿಟ್ಟು ಚಿತ್ರಭಾಗವನ್ನಷ್ಟೇ ಆರಿಸಿ, ಸ್ವಯಂಚಾಲನೆಯನ್ನು ತಡೆದು, ಎಕ್ಸ್‌ಪೋಷರನ್ನು ಕೈಯಿಂದ ಇಳಿಸಬೇಕು. ಹಿಸ್ಟೋಗ್ರಾಮಿನ ಬಲತುದಿಯಲ್ಲಿ ಗೋಡೆಗೆ ಒರಗಿದಂತಿರುವ ರಾಶಿಯು ಒಳಗೆ ಸರಿಯುವವರೆಗೂ ಇಳಿಸಬೇಕು. ಚಿತ್ರವು ಕಣ್ಣಿಗೆ ಮಂಕಾಗಿ ಕಂಡರೆ ಅಂಜಬೇಕಿಲ್ಲ. 16 ಬಿಟ್‌ಗಳ ಟಿಫ್ ಕಡತವಾಗಿ ಉಳಿಸಿದರೆ ಆಮೇಲೆ ನಡುವಣ ಛಾಯೆಗಳನ್ನು ಎತ್ತಲು ಅವಕಾಶವಿರುತ್ತದೆ.

ತಾಡವೋಲೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗರಿಯ ಬಣ್ಣ ಹಳದಿ ಮಿಶ್ರಿತ ಕಂದು. ಎಣ್ಣೆ ಸವರಿದ ಗರಿಯ ಮೇಲೆ ದೀಪದ ಬೆಳಕು ಬಿದ್ದಾಗ ಕೆಂಪು, ಹಸಿರು, ನೀಲಿ ಎಂಬ ಮೂರು ವರ್ಣಪದರಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬಿಹೋಗುವುದು ಕೆಂಪು. ಒಟ್ಟು ಚಿತ್ರದಲ್ಲಿ ಅಳಿಸಿದಂತೆ ಕಾಣುವ ಪಂಕ್ತಿಯು ಹಸಿರು ಅಥವಾ ನೀಲಿ ಪದರದಲ್ಲಿ ಸ್ಪಷ್ಟವಾಗಿ ಉಳಿದಿರುವ ಸಂಭವವುಂಟು. ಆದಕಾರಣ ಪಾಠವನ್ನು ತ್ರುಟಿತವೆಂದು ಗುರುತಿಸುವ ಮುನ್ನ ಮೂರು ಪದರಗಳನ್ನೂ ಬೇರೆ ಬೇರೆಯಾಗಿ ಕಪ್ಪುಬಿಳುಪಿನಲ್ಲಿ ಪರಿಶೀಲಿಸುವುದು ಅಗತ್ಯ. ಈ ಪರೀಕ್ಷೆಗೆ ಕೆಲವು ನಿಮಿಷಗಳು ಸಾಕು. ಆದರೂ ಇದನ್ನು ಮಾಡುವವರು ವಿರಳ. ಗರಿಯ ಎಣ್ಣೆಯ ಮೇಲೆಯೇ ದೀಪವು ಪ್ರತಿಫಲಿಸಿದ್ದರೆ ಮಾತ್ರ ಮೂರು ಪದರಗಳೂ ಒಮ್ಮೆಗೇ ಕುರುಡಾಗುತ್ತವೆ. ಆಗ ಬೇರೊಂದು ಕೋನದಿಂದ ತೆಗೆದ ಸ್ಲೈಡನ್ನು ಹುಡುಕಬೇಕು.

ಬಸದಿಯ ಕತ್ತಲ ನವರಂಗವೂ ಹೊರಗಿನ ಬಿಸಿಲೂ ಒಂದೇ ಚಿತ್ರದಲ್ಲಿದ್ದಾಗ ಒಂದು ಸ್ಕ್ಯಾನು ಸಾಲದು. ಸ್ಲೈಡನ್ನು ಕದಲಿಸದೆ ಬಿಳುಪಿಗೆಂದು ಒಮ್ಮೆ, ನೆರಳಿಗೆಂದು ಒಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಜೋಡಿಸುವುದು ವಾಡಿಕೆ. ಜೋಡಿಸಿದ ಚಿತ್ರವು ನೋಟಕ್ಕೆ ಸೊಗಸಾದರೂ, ಪಾಠಕ್ಕೆ ಆಧಾರವಾಗಬೇಕಾದವು ಮೂಲದ ಎರಡು ಕಡತಗಳೇ.

ತಳವೇ ಬರಿದಾದೆಡೆ ನೆರೆಯ ಕಲ್ಲಿನ ಬಣ್ಣವನ್ನು ತಂದು ಮೆತ್ತುವ ಉಪಾಯವನ್ನು ಛಾಯಾಗ್ರಾಹಕರು ಸೂಚಿಸುವುದುಂಟು. ಶಾಸನದ ಚಿತ್ರದಲ್ಲಿ ಅದು, ಆವರಣ ಚಿಹ್ನೆಯಿಲ್ಲದೆ ಊಹಾಪಾಠವನ್ನು ಮೂಲದೊಳಗೆ ಸೇರಿಸಿದಂತೆ. ಆ ಭಾಗವನ್ನು ಬಿಳಿಯಾಗಿಯೇ ಬಿಟ್ಟು, ಸ್ಲೈಡಿನ ಸಂಖ್ಯೆ ಹಾಗೂ ಸ್ಕ್ಯಾನಿನ ಎಕ್ಸ್‌ಪೋಷರ್ ವಿವರದೊಡನೆ, ಲೋಪವು ಫಿಲ್ಮಿನದೋ ಸ್ಕ್ಯಾನಿನದೋ ಎಂಬುದನ್ನು ಪಟ್ಟಿಯಲ್ಲಿ ನಮೂದಿಸತಕ್ಕದ್ದು.